ಸೋಫಾದ ಆ ಮೂಲೆ

ಜೂನ್ ೯, ಮಂಗಳವಾರ



ನಾನು ಸೇನೆಯ ತರಬೇತಿ ಕೇಂದ್ರಕ್ಕೆ ವರ್ಗವಾಗಿ ಬಂದು ಇನ್ನೂ ವಾರವಾಗಿಲ್ಲ. ನಮ್ಮ ಹಳೇ ಸೋಫಾ ಈ ಕ್ವಾರ್ಟರ್ಸ್ ಬಾಗಿಲಲ್ಲಿ ತೂರಲೇ ಇಲ್ಲ. "ಕೊಟ್ಬಿಡಿ ಮೇಡಂ, ಉಪಯೋಗಕ್ಕೆ ಬರುತ್ತೆ" ಎಂದು ಕೇಂದ್ರದ ಸ್ಟೋರಿನವರು ಹೊತ್ತೊಯ್ದರು. ಯಾವ ಉಪಯೋಗ ಅಂತ ನಾನಾದರೂ ಕೇಳಬಾರದಿತ್ತೇ?

ಇವತ್ತು ಅಭ್ಯಾಸಕ್ಕೆಂದು ಕಟ್ಟಿದ ಮನೆಯ ಬಾಗಿಲು ಒದ್ದು ನುಗ್ಗಿದೆ. ಎದುರಿಗೆ ಕೂರಿಸಿದ್ದ ಶತ್ರುವಿನ ಗೊಂಬೆಗೆ ಗುಂಡು ಹಾರಿಸಿದೆ. ಆಮೇಲೆ ಕಣ್ಣಿಗೆ ಬಿತ್ತು: ಅದು ಕೂತಿದ್ದದ್ದು ನಮ್ಮದೇ ಸೋಫಾದಲ್ಲಿ, ಮಗಳು ನೇರಳೆ ಪೆನ್ನಿನಲ್ಲಿ ಮೀನು ಬಿಡಿಸಿದ ಮೂಲೆಯಲ್ಲಿ. ಮೀನಿನ ಹೊಟ್ಟೆ ಹರಿದು ಹತ್ತಿ ಹೊರಬಂದಿತ್ತು.

"ಭೇಷ್! ಒಂಚೂರೂ ಯೋಚಿಸ್ಲಿಲ್ಲ ನೀವು" ಎಂದು ತರಬೇತುದಾರರು ಬೆನ್ನು ತಟ್ಟಿದರು.

ಊಟಕ್ಕೆ ಕೂತಾಗ ಮಗಳು ಕೇಳಿದಳು: "ಅಮ್ಮಾ, ನನ್ನ ಜಾಗದಲ್ಲಿ ಈಗ ಯಾರು ಕೂತ್ಕೊತಾರೆ?"

"ಯಾರೂ ಇಲ್ಲ ಪುಟ್ಟಿ" ಎಂದೆ. ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.

ನಾಳೆಯೂ ಅದೇ ಬಾಗಿಲು ಒದೆಯಬೇಕು.