ಹಂಪಣ್ಣನ ಪ್ಯಾಂಟು

ಜುಲೈ 14, ಸೋಮವಾರ. ರಾಯದುರ್ಗ.

ಹಂಪಣ್ಣನ ಮುಖ ಕಣ್ಣಿಂದ ಹೋಗುತ್ತಲೇ ಇಲ್ಲ.

ಜೀನ್ಸ್ ಕಂಪನಿ ಕೆಲಸ ಬಿಟ್ಟು ನಾವು ನಾಲ್ವರು ಹೆಂಗಸರು ಸ್ವಂತ ಹೊಲಿಗೆ ಸಂಘ ತೆರೆದ ಮೇಲೆ ಬಂದ ಮೊದಲ ಗಿರಾಕಿ ಅವನು. ಕುರಿ ಕಾಯುವವನು. "ಜಾಲಿ ಮುಳ್ಳು ಚುಚ್ಚದಂಗ ಒಂದು ದಪ್ಪನ್ನ ಜೀನ್ಸ್ ಪ್ಯಾಂಟ್ ಹೊಲ್ದು ಕೊಡ್ರಿ ಅಕ್ಕಾರ" ಅಂದಿದ್ದ.

ಕಂಪನಿಯಲ್ಲಿ ನಾನು ಹೊಲಿದದ್ದು ಬರೀ ಜೇಬು. ಲಲಿತಾ ಜಿಪ್ಪು, ಸುನೀತಾ ಸೊಂಟಪಟ್ಟಿ, ಪದ್ಮಾವತಮ್ಮ ಕಾಲು. ಸಾವಿರಾರು ಪ್ಯಾಂಟು ನಮ್ಮ ಕೈ ದಾಟಿವೆ. ಒಬ್ಬ ಮನುಷ್ಯನ ಅಳತೆ ತೆಗೆದವರು ನಮ್ಮಲ್ಲಿ ಯಾರೂ ಇಲ್ಲ. ಅದನ್ನು ಹೇಳಲು ನಾಚಿ, ಕಂಪನಿಯ ಅಳತೆಗೇ ಬಟ್ಟೆ ಕತ್ತರಿಸಿಬಿಟ್ಟೆವು.

ಇವತ್ತು ಹಾಕಿಕೊಂಡ. ಸೊಂಟದಿಂದ ಜಾರಿತು. ಟವೆಲ್ ಬಿಗಿದುಕೊಂಡು, "ಇರ್ಲಿ ಬಿಡ್ರಿ, ನಾನೇ ಸೊರಗೀನಿ" ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಕಂಪನಿಗೇ ವಾಪಸ್ ಹೋಗಾಣೇನು?" ಅಂದಳು ಲಲಿತಾ. ಸುಮ್ಮಸುಮ್ಮನೆ ಅವಳ ಮೇಲೆ ರೇಗಿದೆ.

ಅಳತೆ ಕಲಿಸಬಲ್ಲವರು ನಮ್ಮ ಓಣಿಯಲ್ಲಿ ಟೈಲರ್ ತಿರುಪತಿಯವರು ಒಬ್ಬರೇ. ಕಂಪನಿಯಲ್ಲಿ ನಾವು ಹೊಲಿದ ಅಗ್ಗದ ಪ್ಯಾಂಟುಗಳು ಊರಿನ ಅಂಗಡಿಗಳಿಗೆ ಬಂದ ಮೇಲೆಯೇ ಅವರು ಗಿರಾಕಿಗಳಿಲ್ಲದೆ ಮಷೀನು ಮಾರಿದ್ದು.

ನಾಳೆ ಯಾವ ಮುಖ ಇಟ್ಟುಕೊಂಡು ಅವರ ಬಾಗಿಲಿಗೆ ಹೋಗಲಿ?