ಹೆಸರಿಲ್ಲದ ಕವಲು

ಗೂಗಲ್ ಗ್ರಾಮ, ಕೃಷ್ಣಾ ದಂಡೆ
ಭಾನುವಾರ, ಸಂಜೆ ಆರು

ಸ್ವಪ್ನಾಳ ಅಪ್ಪನಿಗೆ,

ಇವತ್ತು ಶೇಂಗಾ ಕೀಳಲು ನಡುಗಡ್ಡೆಗೆ ಹೋಗಬೇಕಿತ್ತು. ಅರ್ಧ ಹೊಳೆಯಿಂದ ವಾಪಸು ಬಂದೆ. ಒಲೆ ಹಚ್ಚಿಲ್ಲ.

ನಿಮ್ಮ ಕವಲು ಮುಚ್ಚಿಹೋಯಿತು. ಈ ಮಳೆಗಾಲದ ಪ್ರವಾಹ ಅದರ ತುಂಬ ಮರಳು ಸುರಿದು, ಗಡ್ಡೆಯ ಬಡಗಣಕ್ಕೆ ಬೇರೆ ದಾರಿ ಮಾಡಿಕೊಂಡಿದೆ. ನೀವು ಮುಳುಗಿದ ಜಾಗದಲ್ಲಿ ಈಗ ಎಮ್ಮೆಗಳು ಮಲಗುತ್ತವೆ.

ತವರೂರು ಮಲ್ಲಟದ ಶಾಲೆಯಲ್ಲಿ ನಾನು ಕೃಷ್ಣಾ ಎಂದು ಒಂದೇ ಹೆಸರು ಕಲಿತಿದ್ದೆ. ಮದುವೆಯಾಗಿ ಬಂದಾಗ ನೀವು ನಿಮ್ಮ ಹರಗೋಲಿನಲ್ಲಿ ಕೂರಿಸಿಕೊಂಡು, ಬಂಡೆ ಮರಳುಗಳ ನಡುವೆ ಹೊಳೆ ಒಡೆದು ಕೂಡುವುದನ್ನು ತೋರಿಸಿದಿರಿ. ಉಪ್ಪಿನ ಚೀಲ ಬಿದ್ದದ್ದು ಉಪ್ಪಿನ ಕವಲು. ಬಳೆ ಮಾರುವ ನೂರ್ ಬೀ ಹರಗೋಲಿನಲ್ಲೇ ಹೆತ್ತದ್ದು ನೂರ್ ಬೀ ಕವಲು. ನಿಮ್ಮ ದೇಹ ಕೆಳಗೆ ದೇವಸುಗೂರಿನ ಹತ್ತಿರ ಸಿಕ್ಕ ಮೇಲೆ, ನೀವು ಮುಳುಗಿದ ಕವಲಿಗೆ ಜನ ನಿಮ್ಮ ಹೆಸರಿಟ್ಟರು. ಸಂತೆಗೆ ಹೋಗುವವರೆಲ್ಲ ನಿಮ್ಮ ಹೆಸರು ಹೇಳಿ ದಾಟುತ್ತಿದ್ದರು. ನಾನೊಬ್ಬಳೇ "ಆ ಕವಲು" ಅನ್ನುತ್ತಿದ್ದೆ. ಗಂಡನ ಹೆಸರು ಹೇಳಬಾರದಲ್ಲ.

ಬುತ್ತಿ ಹಿಡಿದು ದಂಡೆಯಲ್ಲಿ ನಿಂತು ನಾನು "ಏನ್ರೀ" ಎಂದು ಕೂಗಿದರೆ ನಿಮಗೆ ನಗು. "ಒಮ್ಮಿ ಹೆಸರ್ ಹಿಡಿದು ಕರಿ ಬೇ, ಹೊಳಿ ಏನ್ ಬತ್ತಂಗಿಲ್ಲ" ಅನ್ನುತ್ತಿದ್ದಿರಿ. ನಾನು ಕರೆಯಲೇ ಇಲ್ಲ. ಆದರೂ ನಿಮ್ಮ ಕವಲು ಬತ್ತಿತು.

ನೀರಿಲ್ಲದ ಕವಲಿಗೆ ಹೆಸರು ನಿಲ್ಲುವುದಿಲ್ಲ ಎಂಬುದು ನಿಮಗೆ ಗೊತ್ತು. ಹೊಸದಾಗಿ ಒಡೆದ ಕವಲಿಗಾದರೆ, ಮೊದಲು ದಾಟುವವರು ನಡುನೀರಿನಲ್ಲಿ ಕೂಗಿದ್ದೇ ಹೆಸರು. ನಿಮ್ಮ ತಮ್ಮ ಸೂಗಪ್ಪ ಆ ಮೊದಲ ಹರಗೋಲನ್ನು ನನಗೆಂದೇ ಕಾಯ್ದಿಟ್ಟಿದ್ದ. ಇವತ್ತು ನನ್ನ ಜೊತೆ ಪಕ್ಕದ ಹೊಲದ ಮಹಬೂಬೀಯೂ ಹತ್ತಿದಳು. ನಡುನೀರಿನಲ್ಲಿ ಅವನು ಹುಟ್ಟು ಹಾಕುವುದು ನಿಲ್ಲಿಸಿ, "ಕೂಗು ವೈನಿ, ಅಣ್ಣನ ಹೆಸರು ಇದಕ್ಕ ಬರ್ಲಿ" ಅಂದ. ಬಾಯಿ ತೆರೆದೆ. ಗಾಳಿ ಬಂತು, ಹೆಸರು ಬರಲಿಲ್ಲ. "ಲಗೂನ ಕೂಗವ್ವಾ, ಇಲ್ಲಾಂದ್ರ ನನ್ನ ಹೆಸರು ಕೂಗ್ತೀನಿ. ಆಮ್ಯಾಲೆ ಊರ ಗಂಡಸರೆಲ್ಲಾ ದಿನಾ ಮಹಬೂಬೀನ್ನ ದಾಟಬೇಕಾಗ್ತದ" ಎಂದು ಅವಳು ನಗಿಸಲು ನೋಡಿದಳು. ನನಗೆ ಅಳು ಬಂತು. ಅವಳು ನನ್ನ ಸೆರಗು ಹಿಡಿದುಕೊಂಡಳು.

ಸೂಗಪ್ಪ ಹರಗೋಲು ತಿರುಗಿಸಿದ. ದಂಡೆಗೆ ಬಂದ ಮೇಲೆ, "ನಾಳಿ ಸಂತಿ, ವೈನಿ. ಮಂದಿ ತಡಿಯಂಗಿಲ್ಲ. ಯಾರರ ಏನರ ಕೂಗಿಬಿಡ್ತಾರ" ಅಂದ.

ಅಂಗಳದಲ್ಲಿ ಕೂತು ನಿಮ್ಮ ಹೆಸರು ಮೆಲ್ಲಗೆ ಹೇಳಿ ನೋಡಿದೆ. ಮೊದಲ ಅಕ್ಷರಕ್ಕೇ ನಿಂತುಬಿಡುತ್ತೇನೆ. ಅದಕ್ಕೇ ಇವತ್ತು ಬರೆದು ನೋಡುತ್ತಿದ್ದೇನೆ. ಕೈಗೆ ಬಂದದ್ದು ಬಾಯಿಗೂ ಬರಲಿ.

ನೀವಿರುವಲ್ಲಿ ಸೆಳವಿಲ್ಲದ ನೀರಿರಲಿ. ನಾಳೆ ಮೊದಲ ಹರಗೋಲು ಬೆಳಿಗ್ಗೆ ಏಳಕ್ಕೆ ಬಿಡುತ್ತದೆ.

ದುರುಗಪ್ಪನ ಹೆಂಡತಿ,
ಬಸವಂತಮ್ಮ