ಟೆರೇಸಿನ ಒಲೆ ಆರುವುದಿಲ್ಲ

ಠಾಕುರ್ಲಿ,
ನಮ್ಮ ಬಿಲ್ಡಿಂಗಿನ ಟೆರೇಸಿನಿಂದ

ಸೊಸೈಟಿಯ ಸೆಕ್ರೆಟರಿ ಸಾಹೇಬನೂ ನನ್ನ ಅಕ್ಕನ ಮಗನೂ ಆದ ಚಿ. ಯತಿನ್‌ಗೆ,

ವಾಸನೆ ಬರುತ್ತದೆ, ಔಷಧದ ಎಣ್ಣೆ ಕಾಯಿಸುವುದನ್ನು ಕೂಡಲೇ ನಿಲ್ಲಿಸಿ ಎಂಬ ನಿನ್ನ ನೋಟಿಸು ತಲುಪಿತು. ನಿಲ್ಲಿಸುವುದಿಲ್ಲ.

ಮುಂಬ್ರಾ ಗುಡ್ಡದಿಂದ ತಂದ ನೆಕ್ಕಿ ಸೊಪ್ಪಿನ, ಅದೇ ಗಂಟುನೋವಿನ ಲಕ್ಕಿ ಸೊಪ್ಪಿನ, ಕಷಾಯವೂ ಅರೆದ ಮುದ್ದೆಯೂ ಆಗಲೇ ಎಣ್ಣೆಗೆ ಬಿದ್ದಿವೆ. ಈಗ ಒಲೆ ಆರಿಸಿದರೆ ನೀರಿನಂಶ ಉಳಿದು ಎಲ್ಲವೂ ಹಾಳು. ತಳದ ಸೊಪ್ಪಿನ ಮುದ್ದೆಯನ್ನು ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿದರೆ ಚಟಪಟ ಅನ್ನಬಾರದು. ಅಲ್ಲಿಯವರೆಗೆ ಮಗುಚುತ್ತಲೇ ಇರಬೇಕು. ಆ ಸದ್ದು ತಿಳಿಯುವ ಕಿವಿ ಕಲ್ಯಾಣ್ ಸ್ಟೇಷನ್ನಿನಿಂದ ಥಾಣೆ ಸ್ಟೇಷನ್ನಿನವರೆಗೆ ನನಗೊಬ್ಬನಿಗೇ ಇರುವುದು.

ಘೋಡಬಂದರ್ ರಸ್ತೆಯ ಮಾಲಿನಿಂದ ನೀನು ತಂದ ನೋವಿನೆಣ್ಣೆಯ ಬಾಟಲಿಯಿಂದ ನಿನ್ನ ಅಮ್ಮನ ಮೊಣಕಾಲು ಬಗ್ಗಿತೇ? ನಾನು ಕಾಯಿಸಿಕೊಟ್ಟದ್ದನ್ನು ಹಚ್ಚಿಕೊಂಡು ಅಕ್ಕ ಇವತ್ತು, ಲಿಫ್ಟ್ ಬಾರದ ಈ ಟೆರೇಸಿಗೆ ಮೆಟ್ಟಿಲು ಹತ್ತಿ ಬಂದಿದ್ದಾಳೆ.

ನಿನ್ನ ನೋಟಿಸನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಸಣ್ಣದಿರುವಾಗ ಎಣ್ಣೆಸ್ನಾನಕ್ಕೆ ಕರೆದ್ರೂ ಇವ ಹೀಗೇ ಓಡ್ತಿದ್ದ ಮಾರಾಯ" ಎಂದು ನಕ್ಕಳು.

ಒಲೆ ಆರಿಸಲೇಬೇಕಿದ್ದರೆ ನೀನೇ ಮೇಲೆ ಬಂದು ಆರಿಸು. ಎಣ್ಣೆ ಮಗುಚುವ ಸಟ್ಟುಗ ಈಗ ನಿನ್ನ ಅಮ್ಮನ ಕೈಯಲ್ಲಿದೆ.

ಹೆದರದೆ ಸಹಿ ಹಾಕಿದ,
ನಿನ್ನ ಮುರಾರಿ ಮಾವ